ಗಾಡಿ ತೊಳೆದ ಪುಣ್ಯ, ಡಬ್ಬಿ ಕೆಟ್ಟ ಪಾಪ

ನನ್ನ ಸೋದರಮಾವ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಒಂದೇ ಗಾಡಿ, ಒಬ್ಬರೇ ಡ್ರೈವರ್, ಅವರೇ ಓನರ್. ಡೀಸೆಲ್ ಸೆಡಾನ್, 2014ರ ಮಾಡೆಲ್, ಹಳದಿ ಬೋರ್ಡ್. ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಸಕಲೇಶಪುರ ಅಂತ ಈ ಗಾಡಿ ತಿರುಗದ ರಸ್ತೆ ಇಲ್ಲ. ನಾನು ಎಂಜಿನಿಯರಿಂಗ್ ಓದಿದ್ದೂ ಇದೇ ಸ್ಟಿಯರಿಂಗ್ ಹಿಡಿದ ಕೈಯ ದುಡ್ಡಿನಿಂದ. ಹಾಸ್ಟೆಲ್ ಫೀಸು ಕಟ್ಟುವ ದಿನ ಹತ್ತಿರ ಬಂದಾಗ ಮಾವ ರಾತ್ರಿ ಏರ್‌ಪೋರ್ಟ್ ಡ್ರಾಪ್ ಜಾಸ್ತಿ ಹಿಡಿಯುತ್ತಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಕಳೆದ ವರ್ಷ ಆಯುಧ ಪೂಜೆಯ ದಿನ ಮಾವ ಗಾಡಿಯನ್ನು ವಾಟರ್ ಸರ್ವಿಸ್‌ಗೆ ಬಿಟ್ಟರು. ನಮ್ಮ ಕಡೆ ಗೊತ್ತಲ್ಲ, ಆ ದಿನ ಬೆಳಗ್ಗೆಯೇ ಕ್ಯೂ. ಬಾನೆಟ್ ಎತ್ತಿ ಎಂಜಿನ್ ಮೇಲೂ ಪ್ರೆಷರ್ ನೀರು ಹೊಡೆದರು. ಎಂಜಿನ್ ಪಳಪಳ. ಮಾವಿನ ಸೊಪ್ಪು, ಚೆಂಡು ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬೂದುಗುಂಬಳ ಎಲ್ಲ ಆಯಿತು. ವಿಜಯದಶಮಿಯ ಬೆಳಗ್ಗೆ ಒಂದು ಬಾಡಿಗೆ ಇತ್ತು. ಕೀ ತಿರುಗಿಸಿದರೆ ಎಂಜಿನ್ ‘ಕುಯ್ಯೋ ಕುಯ್ಯೋ’ ಅಂತ ತಿರುಗುತ್ತೆ, ಹಿಡಿಯುತ್ತಿಲ್ಲ.

ಮಧ್ಯಾಹ್ನ ನನಗೆ ಫೋನು. “ಏನಿಲ್ಲ ಕಣೋ, ಗಾಡಿ ಮಲಗೈತೆ. ಏನೋ ಇಸಿಯು ಅಂತಾರಲ್ಲ, ಅದು ಹೋಗಿರಬಹುದಂತೆ. ನೀನು ಕಂಪ್ಯೂಟರ್ ಓದಿದೋನಲ್ವಾ, ಸ್ವಲ್ಪ ನೋಡು.”

ಕಂಪ್ಯೂಟರ್ ಓದಿದವನು ಅನ್ನೋದೊಂದೇ ನನ್ನ ಅರ್ಹತೆ. ಕಾರಿನ ಬಾನೆಟ್ ತೆಗೆಯುವ ಲಿವರ್ ಎಲ್ಲಿದೆ ಅಂತ ನಾನು ಇವತ್ತಿಗೂ ಹುಡುಕಬೇಕು.

ಮಾವನ ಧ್ವನಿಯಲ್ಲಿ ಆತಂಕ ಇದ್ದದ್ದು ಯಾಕೆ ಅಂತ ಹಾಸನದ ಕಡೆಯವರಿಗೆ ಹೇಳಬೇಕಿಲ್ಲ. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಸುಮಾರಿಗೆ, ಕೆಲವೇ ದಿನ ತೆರೆಯುತ್ತದೆ. ಆ ದಿನಗಳಲ್ಲಿ ಊರಿಗೆ ಜನ ಹರಿದು ಬರುತ್ತಾರೆ. ಟ್ಯಾಕ್ಸಿಯವರಿಗೆ ವರ್ಷದ ಸುಗ್ಗಿ ಅದು. ಮಗಳ ಕಾಲೇಜು ಫೀಸು, ಗಾಡಿಯ ಇನ್ಶೂರೆನ್ಸು ಎರಡಕ್ಕೂ ಮಾವ ಆ ದುಡ್ಡನ್ನೇ ನೆಚ್ಚಿಕೊಂಡಿದ್ದರು. ಬಾಗಿಲು ತೆರೆಯಲು ಇನ್ನು ಹತ್ತು ಹನ್ನೆರಡು ದಿನ ಇತ್ತು.

ಇಸಿಯು ಅಂದರೆ ಎಂಜಿನ್ ಕಂಟ್ರೋಲ್ ಯೂನಿಟ್. ಅಂಗೈಗಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿ. ಒಳಗೊಂದು ಸರ್ಕ್ಯೂಟ್ ಬೋರ್ಡ್, ಹೊರಗೆ ಹತ್ತಾರು ಪಿನ್ನುಗಳ ಕನೆಕ್ಟರ್. ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ, ಎಂಜಿನ್ ಎಷ್ಟು ಬಿಸಿಯಾಗಿದೆ, ಎಷ್ಟು ಗಾಳಿ ಒಳಗೆ ಬರುತ್ತಿದೆ, ಕ್ರ್ಯಾಂಕ್ ಯಾವ ಜಾಗದಲ್ಲಿದೆ ಅಂತೆಲ್ಲ ಸೆನ್ಸರ್‌ಗಳಿಂದ ಕೇಳಿಕೊಂಡು, ಯಾವ ಇಂಜೆಕ್ಟರ್ ಯಾವ ಕ್ಷಣಕ್ಕೆ ಎಷ್ಟು ಹೊತ್ತು ತೆರೆಯಬೇಕು ಅಂತ ಹೇಳುವುದು ಇದೇ. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರ್ ಹಿಂದೆ ಕಾದಿರುವ ಇಂಧನದ ಒತ್ತಡ ಸಾವಿರ ಬಾರ್ ದಾಟುತ್ತದೆ. ನಿಮ್ಮ ಕಾರಿನ ಟೈರಿನ ಗಾಳಿ ಎರಡು ಬಾರ್ ಆಸುಪಾಸು ಅಂದರೆ ಲೆಕ್ಕ ಹಾಕಿಕೊಳ್ಳಿ. ಇಂಥ ಡಬ್ಬಿ ಸತ್ತರೆ ಉಳಿದದ್ದೆಲ್ಲ ಸರಿಯಿದ್ದೂ ಗಾಡಿ ಒಂದಿಂಚು ಕದಲುವುದಿಲ್ಲ.

ಮಾವನ ಪುಣ್ಯಕ್ಕೆ ಊರಿನ ಎಲೆಕ್ಟ್ರೀಷಿಯನ್ ಅಣ್ಣ ತಾಳ್ಮೆಯ ಮನುಷ್ಯ. ‘ಇಸಿಯು ಹೋಗಿದೆ’ ಅನ್ನೋ ಮಾತನ್ನು ಕೊನೆಗೆ ಹೇಳಬೇಕು, ಮೊದಲಿಗಲ್ಲ ಅನ್ನೋದು ಅವರ ನಿಯಮ. ಫೋನಿನಲ್ಲಿ ನನಗೂ ವಿವರಿಸಿದರು. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಂಜಿನ್ ಲ್ಯಾಂಪ್ ಒಮ್ಮೆ ಹತ್ತಬೇಕು. ಮಾವನ ಗಾಡಿಯಲ್ಲಿ ಹತ್ತುತ್ತಿರಲಿಲ್ಲ. ಸ್ಕ್ಯಾನರ್ ಚುಚ್ಚಿದರೆ ಇಸಿಯು ಮಾತೇ ಆಡುತ್ತಿರಲಿಲ್ಲ. ಅಷ್ಟಕ್ಕೇ ಸತ್ತಿದೆ ಅನ್ನುವಂತಿಲ್ಲ. ಮೊದಲು ಫ್ಯೂಸ್, ಆಮೇಲೆ ರಿಲೇ, ಆಮೇಲೆ ಅರ್ತ್ ವೈರು. ಕನೆಕ್ಟರ್‌ಗೆ ಬ್ಯಾಟರಿಯ ಕರೆಂಟ್ ಬರ್ತಾ ಇದೆಯಾ ಅಂತ ಮೀಟರ್ ಹಿಡಿದು ನೋಡಿದರು. ಬರ್ತಾ ಇತ್ತು. ಇಸಿಯು ತನ್ನ ಸೆನ್ಸರ್‌ಗಳಿಗೆ 5 ವೋಲ್ಟ್ ಕೊಡಬೇಕು. ಕೊಡುತ್ತಿರಲಿಲ್ಲ. ಒಂದು ಸೆನ್ಸರ್ ಶಾರ್ಟ್ ಆಗಿದ್ದರೂ ಆ 5 ವೋಲ್ಟ್ ಬಿದ್ದುಹೋಗಿ ಡಬ್ಬಿ ಸತ್ತಂತೆ ನಟಿಸುತ್ತದಂತೆ. ಹಾಗಾಗಿ ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಏನೂ ಬದಲಾಗಲಿಲ್ಲ.

ಕೊನೆಗೆ ಡಬ್ಬಿ ಬಿಚ್ಚಿದರು. ಕನೆಕ್ಟರ್ ಒಳಗೆ ನೀರಿನ ಹನಿ. ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. “ಇದು ಒಂದೇ ದಿನದ್ದಲ್ಲ ಸಾರ್. ಪ್ರತಿ ವರ್ಷದ ಆಯುಧ ಪೂಜೆದೂ ಇದರಲ್ಲಿದೆ” ಅಂದರು. ಬೋರ್ಡಿನ ಪವರ್ ಭಾಗ ಸುಟ್ಟು ಕಪ್ಪಾಗಿತ್ತು.

ಗಾಡಿಯ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿದೆವು. ಹೊಸದಕ್ಕೆ ಪ್ರೋಗ್ರಾಮಿಂಗ್ ಸೇರಿ 58 ಸಾವಿರ. ಬರೋಕೆ ಮೂರು ವಾರ. ನಾನು ದುಡ್ಡು ಕೊಡ್ತೀನಿ ಅಂದೆ. ಮಾವ ಒಪ್ಪಲಿಲ್ಲ. ಒಪ್ಪಿದ್ದರೂ ಮೂರು ವಾರಕ್ಕೆ ಹಾಸನಾಂಬೆಯ ಬಾಗಿಲು ಮುಚ್ಚಿರುತ್ತಿತ್ತು.

“ಬೆಂಗಳೂರಲ್ಲಿ ಹಳೇದು ಸಿಗುತ್ತಂತೆ” ಅಂದರು ಮಾವ.

ಮರುದಿನ ಆಫೀಸಿಗೆ ರಜೆ ಹಾಕಿ ಜೆ.ಸಿ. ರಸ್ತೆಗೆ ಹೋದೆ. ಹೋಗದವರಿಗೆ ಹೇಳುತ್ತೇನೆ. ರಸ್ತೆ ಬದಿಯ ಅಂಗಡಿಗಳಲ್ಲಿ ಸೀಟ್ ಕವರು, ಹೆಡ್‌ಲೈಟು, ಮ್ಯೂಸಿಕ್ ಸಿಸ್ಟಮ್ಮು ನೇತಾಡುತ್ತಿರುತ್ತವೆ. ಹಳೆಯ ಸಾಮಾನು ಬೇಕು ಅಂದರೆ ಸಂದಿಯೊಳಗೆ ಕಳಿಸುತ್ತಾರೆ. ಅಲ್ಲೊಂದು ಅಂಗಡಿಯಲ್ಲಿ ಕಬ್ಬಿಣದ ರ‍್ಯಾಕಿನ ತುಂಬ ಇಸಿಯುಗಳು, ಹಳೇ ಪಠ್ಯಪುಸ್ತಕದ ಹಾಗೆ ಜೋಡಿಸಿಟ್ಟಿದ್ದರು. ಮಾವ ವಾಟ್ಸ್ಯಾಪಿನಲ್ಲಿ ಕಳಿಸಿದ ಫೋಟೋ ತೋರಿಸಿದೆ. ಫೋಟೋ ಮಸುಕಾಗಿತ್ತು. ಅಂಗಡಿಯವರು ಒಂದನ್ನು ಎಳೆದು ತೆಗೆದರು. ಅದೇ ಆಕಾರ, ಅದೇ ಕನೆಕ್ಟರ್, ನಂಬರಿನ ಮೊದಲ ಅಂಕಿಗಳೂ ಅವೇ. “ಸೇಮ್ ಎಂಜಿನ್ ಸರ್, ಆಗುತ್ತೆ.”

ಒಂಬತ್ತು ಸಾವಿರ ಕೊಟ್ಟೆ. ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಲೆಕ್ಟ್ರಿಕಲ್ ಸಾಮಾನು ವಾಪಸ್ ಇಲ್ಲ’ ಅಂತ ಇತ್ತು. ಓದಿದೆ. ಓದಿಯೂ ತಗೊಂಡೆ. ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದೆ.

ಮರುದಿನ ಬೆಳಗ್ಗೆ ಎಲೆಕ್ಟ್ರೀಷಿಯನ್ ಅಣ್ಣ ಅದನ್ನು ಕೂರಿಸಿದರು. ಎಂಜಿನ್ ಲ್ಯಾಂಪ್ ಹತ್ತಿತು. ಮಾವ ಕೈ ಮುಗಿದರಂತೆ. ಕೀ ತಿರುಗಿಸಿದರೆ ಮತ್ತೆ ‘ಕುಯ್ಯೋ ಕುಯ್ಯೋ’. ಮೀಟರಿನಲ್ಲಿ ಕೀಯ ಚಿತ್ರ ಮಿಣುಕುತ್ತಿತ್ತು.

ಈಗಿನ ಕಾರಿನ ಕೀಯ ತಲೆಯೊಳಗೆ ಅಕ್ಕಿಕಾಳಿನಷ್ಟು ಸಣ್ಣದೊಂದು ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೀ ಹಾಕುವ ಜಾಗದ ಸುತ್ತ ಇರುವ ತಂತಿಯ ಬಳೆ ಅದನ್ನು ಎಬ್ಬಿಸಿ, ನೀನು ಯಾರು ಅಂತ ಕೇಳುತ್ತದೆ. ಚಿಪ್ಪಿನ ಉತ್ತರ ಇಸಿಯು ನೆನಪಿಟ್ಟ ಗುರುತಿಗೆ ಹೊಂದಿದರೆ ಮಾತ್ರ ಇಂಧನ ಬಿಡುತ್ತದೆ. ಇದಕ್ಕೆ ಇಮ್ಮೊಬಿಲೈಜರ್ ಅಂತಾರೆ. ಕಳ್ಳ ಲಾಕ್ ಒಡೆದರೂ ಗಾಡಿ ಸ್ಟಾರ್ಟ್ ಆಗಬಾರದು ಅಂತ ಮಾಡಿದ್ದು. ನಾನು ಕಳಿಸಿದ ಡಬ್ಬಿ ಬೇರೆ ಯಾವುದೋ ಗಾಡಿಯ ಕೀ ಗುರುತಿಟ್ಟುಕೊಂಡಿತ್ತು. ಅದರ ಲೆಕ್ಕದಲ್ಲಿ ನಮ್ಮ ಮಾವನೇ ಕಳ್ಳ!

ಅದನ್ನಾದರೂ ಸರಿಮಾಡಬಹುದಿತ್ತು. ದೊಡ್ಡ ತಪ್ಪು ಬೇರೆಯೇ ಇತ್ತು. ಒಂದೇ ಎಂಜಿನ್ ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಕಂಪನಿಗಳ ಕಾರಿನಲ್ಲಿ ಬಂದಿರುವುದುಂಟು. ಡಬ್ಬಿ ನೋಡಲು ಒಂದೇ ಥರ ಇದ್ದರೂ ಒಳಗಿನ ಹಾರ್ಡ್‌ವೇರ್ ಬೇರೆ ಇರಬಹುದು. ಲೇಬಲ್ಲಿನ ನಂಬರಿನ ಕೊನೆಯ ಎರಡು ಅಂಕಿ ಬೇರೆ ಇದ್ದವು. ಮಸುಕು ಫೋಟೋದಲ್ಲಿ ಅವು ಕಾಣುತ್ತಿರಲಿಲ್ಲ. ಇನ್ನೊಂದು ಫೋಟೋ ಕಳಿಸಿ ಅಂತ ನಾನು ಕೇಳಬೇಕಿತ್ತು. ಎರಡು ನಿಮಿಷದ ಕೆಲಸ, ಕೇಳಲಿಲ್ಲ. ಆಫೀಸಿನಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕೆ ಜೂನಿಯರ್‌ಗಳ ಕೋಡ್ ವಾಪಸ್ ಕಳಿಸುವವನು ನಾನು.

ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅವರ ತಪ್ಪೂ ಅಲ್ಲ, ಬರೆದೇ ಇಟ್ಟಿದ್ದರು. ಮಾವನಿಗೆ “ಬದಲಾಯಿಸಿ ಕೊಡ್ತಾರಂತೆ” ಅಂತ ಸುಳ್ಳು ಹೇಳಿದೆ.

ಎರಡನೇ ಸಲ ಹೋದದ್ದು ಅದೇ ಸಂದಿಯ ಇನ್ನೊಂದು ಅಂಗಡಿಗೆ. ಅವರು ಫೋಟೋ ನೋಡಲೇ ಇಲ್ಲ. “ಹಳೇ ಇಸಿಯು ಎಲ್ಲಿ? ಅದಿಲ್ಲದೆ ನಾನು ಕೊಡಲ್ಲ” ಅಂದರು. ಸತ್ತ ಡಬ್ಬಿ ಯಾಕೆ ಬೇಕು ಅಂದೆ. “ಸತ್ತಿರೋದು ದೇಹ ಸರ್. ನೆನಪು ಇನ್ನೂ ಇರುತ್ತೆ.”

ಮಾವ ಅದನ್ನು ಹಾಸನದಿಂದ ಬಸ್ಸಿಗೆ ಹಾಕಿದರು. ಈ ಸಲ ಲೇಬಲ್ಲಿನ ಪ್ರತಿ ಅಂಕಿ, ಪ್ರತಿ ಅಕ್ಷರ ಗಟ್ಟಿಯಾಗಿ ಓದಿ ಹೊಂದಿಸಿದೆವು. ರ‍್ಯಾಕಿನಿಂದ ಬಂದ ಡಬ್ಬಿಗೆ 11,500. ಅಲ್ಲಿಂದ ಅವರೇ ಹೇಳಿದ ಒಬ್ಬ ಟೆಕ್ನೀಷಿಯನ್ ಹತ್ತಿರ ಹೋದೆ. ಸಣ್ಣ ರೂಮು, ಮೈಕ್ರೋಸ್ಕೋಪು, ಬಿಸಿಗಾಳಿಯ ಮಷೀನು, ಲ್ಯಾಪ್‌ಟಾಪು. ನನ್ನದೇ ವಯಸ್ಸಿನ ಹುಡುಗ.

ಅವನು ಮಾಡಿದ್ದಕ್ಕೆ ಕ್ಲೋನಿಂಗ್ ಅಂತಾರೆ. ಹಳೆಯ ಡಬ್ಬಿಯ ಮೆಮೊರಿ ಚಿಪ್ ಹಾಳಾಗಿರಲಿಲ್ಲ. ಅದರಲ್ಲಿದ್ದದ್ದನ್ನು ಪೂರ್ತಿ ಓದಿ, ಮೊದಲು ಒಂದು ಕಾಪಿ ಇಟ್ಟುಕೊಂಡ. ಬಂದ ಡಬ್ಬಿಯಲ್ಲಿದ್ದದ್ದಕ್ಕೂ ಒಂದು ಕಾಪಿ. ಆಮೇಲೆ ನಮ್ಮದನ್ನು ಅದರೊಳಗೆ ಬರೆದ. ಕೀಯ ಗುರುತು, ನಮ್ಮ ಗಾಡಿಯ ಚಾಸಿ ನಂಬರು, ಎಂಜಿನ್ ಓಡಿಸುವ ಪ್ರೋಗ್ರಾಮ್ ಎಲ್ಲವೂ ಹಾಗೇ ಬಂದವು.

ಇನ್ನೊಂದು ವಿಷಯ ಅವನೇ ಹೇಳಿದ. ಡೀಸೆಲ್ ಗಾಡಿಯ ಎಷ್ಟೋ ಇಂಜೆಕ್ಟರ್‌ಗಳ ತಲೆಯ ಮೇಲೆ ಒಂದು ಕೋಡ್ ಅಚ್ಚು ಹಾಕಿರುತ್ತಾರೆ. ಒಂದೇ ಅಚ್ಚಿನಲ್ಲಿ ಮಾಡಿದರೂ ಒಂದು ಇಂಜೆಕ್ಟರ್ ಕೂದಲೆಳೆಯಷ್ಟು ಜಾಸ್ತಿ ಡೀಸೆಲ್ ಬಿಡುತ್ತದೆ, ಇನ್ನೊಂದು ಕಡಿಮೆ. ಆ ವ್ಯತ್ಯಾಸವನ್ನು ಕೋಡ್ ಇಸಿಯುಗೆ ತಿಳಿಸುತ್ತದೆ. ಬೇರೆ ಗಾಡಿಯ ಕೋಡ್ ಉಳಿದುಬಿಟ್ಟರೆ ಗಾಡಿ ಸ್ಟಾರ್ಟ್ ಏನೋ ಆಗುತ್ತೆ, ಆದರೆ ಐಡಲ್‌ನಲ್ಲಿ ನಡುಗುತ್ತೆ, ಹೊಗೆ ಉಗುಳುತ್ತೆ. ‘ಹಳೇ ಇಸಿಯು ಹಾಕ್ಸಿದ್ಮೇಲೆ ಗಾಡಿ ಮೊದಲಿನಂಗಿಲ್ಲ’ ಅಂತ ಜನ ದೂರುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತಂತೆ. ಕ್ಲೋನ್ ಮಾಡಿದರೆ ಹಳೆಯ ಕೋಡ್‌ಗಳೇ ಬರುವುದರಿಂದ ಆ ತೊಂದರೆ ಇಲ್ಲ.

ಕೆಲಸ ಶುರುಮಾಡುವ ಮುಂಚೆ ಕೇಳಿದ್ದ. “ಕ್ಲೋನಿಂಗ್‌ಗೆ ನಾಲ್ಕೂವರೆ ಸಾವಿರ. ಇಮ್ಮೊ ಆಫ್ ಮಾಡಿಕೊಡ್ಲಾ? ಕೀ ಚೆಕ್ ಮಾಡೋದನ್ನೇ ತೆಗೆದುಬಿಟ್ರೆ ಎರಡು ಸಾವಿರ ಕಮ್ಮಿ ಆಗುತ್ತೆ. ಮುಂದೆ ಕೀ ಕಳೆದ್ರೂ ಸುಲಭ.”

ಎರಡು ಸಾವಿರ ಉಳಿಸುವ ಆಸೆ ನನಗಿತ್ತು. ಒಂಬತ್ತು ಸಾವಿರ ಕಳೆದಿದ್ದೆನಲ್ಲ. ಮಾವನಿಗೆ ಫೋನ್ ಮಾಡಿದೆ.

“ಬೇಡ ಕಣೋ” ಅಂದರು. “ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಪಾರ್ಟಿ ಕರ್ಕೊಂಡೋದಾಗ ಗಾಡೀನ ಎಲ್ಲೋ ರೋಡ್ ಪಕ್ಕ ನಿಲ್ಸಿ ಮಲಗೋನು ನಾನು. ಬಾಗಿಲಿಗೆ ಚಿಲಕ ಇಲ್ಲದ ಮನೇಲಿ ನಿದ್ದೆ ಬತ್ತದಾ?”

ಕ್ಲೋನಿಂಗ್ ಮಾಡಿಸಿದೆ. ಬರೆಯುವ ಮುಂಚೆ ಆ ಹುಡುಗ ಸ್ಕ್ರೀನ್ ತೋರಿಸಿ, ಇದು ಬಂದ ಗಾಡಿಯ ಚಾಸಿ ನಂಬರು ಅಂದ. ಬಿಲ್ಲಿನಲ್ಲಿ ಅಂಗಡಿಯವರು ಬರೆದುಕೊಟ್ಟಿದ್ದ ನಂಬರಿಗೆ ತಾಳೆ ನೋಡಿದೆವು. ಒಂದೇ ಇತ್ತು. ಅಪಘಾತವಾಗಿ ಗುಜರಿಗೆ ಬಂದ ಗಾಡಿಯದಂತೆ.

ಇದನ್ನು ಅತ್ತೆಗೆ ಹೇಳಿದಾಗ ಅವರು ಡಬ್ಬಿಯ ಬೆಲೆ ಕೇಳಲಿಲ್ಲ. “ಪಾಪ, ಆ ಗಾಡೀಲಿದ್ದೋರಿಗೆ ಏನೂ ಆಗಿಲ್ಲ ತಾನೆ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಈ ಸಲ ಪಾರ್ಸೆಲ್ ಹಾಕಲಿಲ್ಲ, ನಾನೇ ಹೋದೆ. ಎಲೆಕ್ಟ್ರೀಷಿಯನ್ ಅಣ್ಣ ಡಬ್ಬಿ ಕೂರಿಸುವ ಮುಂಚೆ ಅರ್ಧ ದಿನ ಬೇರೆ ಕೆಲಸ ಮಾಡಿದರು. ಗಾಡಿಯ ಕಡೆಯ ಕನೆಕ್ಟರಿನ ಕಿಲುಬು ತೆಗೆದರು, ಎರಡು ಪಿನ್ ಬದಲಿಸಿದರು, ಹರಿದಿದ್ದ ರಬ್ಬರ್ ಸೀಲ್ ಹೊಸದು ಹಾಕಿದರು, ಇಂಜೆಕ್ಟರ್ ವೈರುಗಳು ಎಲ್ಲೂ ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡರು. “ಹಳೇದು ಯಾಕೆ ಸತ್ತಿತು ಅಂತ ತಿಳ್ಕೊಳ್ದೆ ಹೊಸಾದು ಹಾಕಿದ್ರೆ ಅದೂ ಸಾಯುತ್ತೆ” ಅಂದರು. ಬ್ಯಾಟರಿ ವೈರ್ ಬಿಚ್ಚಿಯೇ ಡಬ್ಬಿ ಕೂರಿಸಿದರು.

ಕೀ ಆನ್. ಲ್ಯಾಂಪ್ ಹತ್ತಿತು. ಕೀಯ ಚಿತ್ರ ಬಂದು ಹೋಯಿತು. ಎರಡು ಸುತ್ತಿಗೆ ಎಂಜಿನ್ ಹಿಡಿಯಿತು. ಮಾವ ಏನೂ ಮಾತಾಡಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ಸದ್ದು ಕೇಳುತ್ತಾ ನಿಂತರು. ಆಮೇಲೆ “ನಡುಕ ಇಲ್ಲ” ಅಂದರು, ಅಷ್ಟೇ.

ನಿಮ್ಮಲ್ಲಿ ಯಾರಾದರೂ ಹಳೆಯ ಇಸಿಯು ಹಾಕಿಸಲು ಹೊರಟಿದ್ದರೆ, ನನ್ನ ಒಂಬತ್ತು ಸಾವಿರದ ಪಾಠ ನಿಮಗೆ ಬಿಟ್ಟಿ ಕೊಡುತ್ತೇನೆ.

ಡಬ್ಬಿ ಸತ್ತಿದೆ ಅನ್ನುವವರನ್ನು ‘ಹೇಗೆ ಗೊತ್ತಾಯಿತು’ ಅಂತ ಕೇಳಿ. ಫ್ಯೂಸು, ರಿಲೇ, ಅರ್ತು, 5 ವೋಲ್ಟು ನೋಡಿದ್ದೀರಾ ಅಂತ ಕೇಳಿ. ಸ್ಕ್ಯಾನರ್ ಒಂದನ್ನೇ ನಂಬಿ ಹೇಳಿದರೆ ಇನ್ನೊಬ್ಬರಿಗೆ ತೋರಿಸಿ.

ಲೇಬಲ್ಲಿನ ನಂಬರ್ ಕೊನೆಯ ಅಂಕಿಯವರೆಗೆ ಹೊಂದಬೇಕು. ಆಕಾರ ನೋಡಿ ಮೋಸ ಹೋಗಬೇಡಿ.

ಹಳೆಯ ಡಬ್ಬಿಯನ್ನು ಗುಜರಿಗೆ ಹಾಕಬೇಡಿ, ಎಕ್ಸ್‌ಚೇಂಜ್ ಅಂತ ಕೊಡಲೂ ಬೇಡಿ. ನಿಮ್ಮ ಕೀಯ ಗುರುತು ಅದರಲ್ಲಿದೆ. ಗಾಡಿಯ ಎಲ್ಲ ಕೀಗಳನ್ನೂ ಇಟ್ಟುಕೊಂಡು ಕೆಲಸ ಮಾಡಿಸಿ.

ಯಾವ ಗಾಡಿಯದು ಅಂತ ಚಾಸಿ ನಂಬರ್ ಸಮೇತ ಬಿಲ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಕದ್ದ ಗಾಡಿಯ ಸಾಮಾನು ಎಷ್ಟೇ ಅಗ್ಗವಾದರೂ ಬೇಡ.

ಗಾಡಿಗೆ ಇನ್ನೂ ವಾರಂಟಿ ಇದ್ದರೆ ಈ ದಾರಿ ಹಿಡಿಯಬೇಡಿ. ಹಳೆ ಗಾಡಿ, ಹೊಸ ಇಸಿಯು ಬೆಲೆ ಕೈಗೆಟುಕದ್ದು, ಕೆಲಸ ಗೊತ್ತಿರುವ ಮನುಷ್ಯ ಹತ್ತಿರದಲ್ಲಿದ್ದಾನೆ, ಈ ಮೂರೂ ಇದ್ದರೆ ಮಾತ್ರ ಇದು ಲಾಭ.

ಮತ್ತು ಎಂಜಿನ್ ಮೇಲೆ ಪ್ರೆಷರ್ ನೀರು ಹೊಡೆಸಬೇಡಿ. ದೇವರು ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಒಪ್ಪುತ್ತಾನೆ.

ಹಾಸನಾಂಬೆಯ ಬಾಗಿಲು ತೆರೆದ ದಿನದಿಂದ ಮುಚ್ಚುವ ದಿನದವರೆಗೆ ಮಾವ ಮನೆಯಲ್ಲಿ ಸರಿಯಾಗಿ ಊಟ ಮಾಡಿದ್ದನ್ನು ಅತ್ತೆ ನೋಡಲಿಲ್ಲವಂತೆ. ದೀಪಾವಳಿ ಕಳೆದ ಮೇಲೆ ನಾನು ಊರಿಗೆ ಹೋದಾಗ ಮಾವ ಟ್ರಿಪ್ ಬರೆಯುವ ನೋಟ್‌ಬುಕ್ ತೆಗೆದು ಮುಂದಿಟ್ಟರು. ಇಸಿಯು 11,500, ಕ್ಲೋನಿಂಗ್ 4,500, ಒಟ್ಟು 16,000, ‘ಅಳಿಯನಿಗೆ ಕೊಟ್ಟಿದೆ’ ಅಂತ ಬರೆದು ಗೆರೆ ಹಾಕಿದ್ದರು. ಅದರ ಕೆಳಗೆ ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲು: ‘ತಪ್ಪು ಡಬ್ಬಿ 9,000, ಬಾಕಿ’.

“ಅದನ್ನ ಬದಲಾಯಿಸಿ ಕೊಡ್ಲಿಲ್ಲ ಅಂತ ನನಗೆ ಗೊತ್ತು” ಅಂದರು. “ಎಲೆಕ್ಟ್ರಿಕ್ ಸಾಮಾನು ಯಾವನೂ ವಾಪಸ್ ತಗಳಲ್ಲ. ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ಕಣೋ.” ದುಡ್ಡು ಎಣಿಸಿ ನನ್ನ ಜೇಬಿಗೆ ತುರುಕಿದರು. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಅವರು ಸ್ನಾನಕ್ಕೆ ಹೋದಾಗ ಅಟ್ಟದ ಮೇಲಿದ್ದ ಹಳೆಯ ನೋಟ್‌ಬುಕ್ಕುಗಳನ್ನು ಇಳಿಸಿದೆ. ನಾನು ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದವು. ಡೀಸೆಲ್ ಇದೆ, ಟೈರ್ ಇದೆ, ಪಂಕ್ಚರ್ ಹಾಕಿಸಿದ ಮೂವತ್ತು ರೂಪಾಯಿಯೂ ಇದೆ. ಒಂದೊಂದೇ ಪುಟ ತಿರುವಿ ನೋಡಿದೆ. ನನ್ನ ಹಾಸ್ಟೆಲ್ ಫೀಸನ್ನು ಮಾವ ಎಲ್ಲೂ ಬರೆದಿರಲಿಲ್ಲ.